ಗೋಡೆಯಾಚೆಯ ವಿಷಕ್ಕೆ ಯಾವ ಭಾಷೆ?

ಗಣೇಶ ಚೌತಿ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ, ಚಾಳುಗಳಲ್ಲಿ, ಸಂಘದ ಸಭಾಗೃಹಗಳಲ್ಲಿ ಥರ್ಮೊಕೋಲಿನ ಮಂಟಪ ಏಳುತ್ತಿದ್ದ ಕಾಲವೊಂದಿತ್ತು. ಒಂದು ರಾತ್ರಿಯಲ್ಲಿ ಹಂಪೆಯ ಕಲ್ಲಿನ ರಥವನ್ನೂ ಮೈಸೂರಿನ ಅರಮನೆಯನ್ನೂ ಕೆತ್ತಿ ನಿಲ್ಲಿಸುತ್ತಿದ್ದ ತರುಣರು ಇಂದು ಮೊಮ್ಮಕ್ಕಳನ್ನು ಕಂಡಿದ್ದಾರೆ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಆ ಬಿಳಿಯ ಹಲಗೆಗೆ ನಿಷೇಧ ಹೇರಿತು. ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಯಿತು. ಮಂಟಪ ಹೋಯಿತು. ಆದರೆ ಅದರ ಮೂಲದ್ರವ್ಯ ಹೋಗಿಲ್ಲ. ಟೆಲಿವಿಷನ್ನಿನ ಕವಚದಲ್ಲಿ, ರೆಫ್ರಿಜರೇಟರಿನ ಒಳಗೋಡೆಯಲ್ಲಿ, ಮಕ್ಕಳ ಆಟಿಕೆಯಲ್ಲಿ ಅದು ನಮ್ಮ ಜೊತೆಯಲ್ಲೇ ಇದೆ. ಅದರ ಹೆಸರು ಸ್ಟೈರೀನ್.

ಸಾಹಿತ್ಯ, ಸಂಸ್ಕೃತಿ, ಗಡಿ, ನದಿನೀರು ಇವುಗಳ ಬಗ್ಗೆ ಮಾತನಾಡುವ ಈ ತ್ರೈಮಾಸಿಕಕ್ಕೆ ರಸಾಯನಶಾಸ್ತ್ರದ ಉಸಾಬರಿ ಏಕೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಡೊಂಬಿವಲಿ, ಅಂಬರನಾಥ, ಚೆಂಬೂರು, ಠಾಣೆ–ಬೇಲಾಪುರ ಪಟ್ಟಿ, ಹೈದರಾಬಾದಿನ ಜೀಡಿಮೆಟ್ಲ, ಚೆನ್ನೈನ ಮಣಲಿ ಈ ಹೆಸರುಗಳನ್ನು ಒಮ್ಮೆ ನೆನೆಯಿರಿ. ಹೊರನಾಡ ಕನ್ನಡಿಗರು ಹೊಟ್ಟೆಪಾಡಿಗೆಂದು ಬಂದು ನೆಲೆಸಿದ ನಗರಗಳಲ್ಲಿ ಕಾರ್ಖಾನೆಯ ಆವರಣ ಗೋಡೆಗೂ ವಸತಿ ಕಟ್ಟಡದ ಆವರಣ ಗೋಡೆಗೂ ಎಷ್ಟೋ ಕಡೆ ಒಂದು ರಸ್ತೆಯ ಅಂತರವೂ ಉಳಿದಿಲ್ಲ. ಗೋಡೆಯಾಚೆ ಏನಿದೆ, ಅದು ಹೊರಬಂದರೆ ಏನು ಮಾಡಬೇಕು ಎಂಬ ತಿಳಿವಳಿಕೆ ನಮಗೆ ಯಾವ ಭಾಷೆಯಲ್ಲಿ ತಲುಪುತ್ತಿದೆ? ಭಾಷೆಯ ಹೆಸರಿನಲ್ಲಿ ಕೂಡಿರುವ ಸಂಘಕ್ಕೆ ಈ ಪ್ರಶ್ನೆ ಹೊರಗಿನದಾಗಲಾರದು.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯೋಣ. ಸ್ಟೈರೀನ್ ಬಣ್ಣವಿಲ್ಲದ, ಎಣ್ಣೆಯಂತಹ ದ್ರವ. ಅಲ್ಪ ಪ್ರಮಾಣದಲ್ಲಿದ್ದಾಗಲೇ ಅದರ ವಾಸನೆ ಮೂಗಿಗೆ ತಾಗುತ್ತದೆ. ಅದು ಕುದಿಯುವುದು ಸುಮಾರು 145 ಡಿಗ್ರಿ ಸೆಲ್ಸಿಯಸಿನಲ್ಲಾದರೂ ಸುಮಾರು 31 ಡಿಗ್ರಿಗೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. 31 ಡಿಗ್ರಿ ಎಂದರೆ ನಮ್ಮ ಕರಾವಳಿ ನಗರಗಳ ಸಾಧಾರಣ ಮಧ್ಯಾಹ್ನ. ಆ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಹೊಗೆಯಂತೆ ಮೇಲೇರಿ ಚದುರುವುದಿಲ್ಲ. ನೀರಿನಂತೆ ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ, ಚರಂಡಿಗೆ ಇಳಿಯುತ್ತದೆ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಉಸಿರಿನೊಡನೆ ಒಳಹೊಕ್ಕರೆ ಕಣ್ಣು, ಮೂಗು, ಗಂಟಲು ಉರಿಯುತ್ತವೆ. ತಲೆ ಸುತ್ತುತ್ತದೆ, ಕಾಲು ತಡವರಿಸುತ್ತದೆ. ಪ್ರಮಾಣ ಹೆಚ್ಚಾದರೆ ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಸಂಚಕಾರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು.

ವಿಷ ಮತ್ತು ಬೆಂಕಿ ಇವೆರಡೇ ಅಲ್ಲದೆ ಸ್ಟೈರೀನಿಗೆ ಮೂರನೆಯದೊಂದು ಗುಣವಿದೆ. ಅದರ ಬಿಡಿ ಅಣುಗಳು ತಾವಾಗಿಯೇ ಒಂದರ ಕೈ ಒಂದು ಹಿಡಿದು ಉದ್ದನೆಯ ಸರಪಣಿಯಾಗಲು ಸದಾ ಹವಣಿಸುತ್ತವೆ. ಇದಕ್ಕೆ ಪಾಲಿಮರೀಕರಣ ಎಂದು ಹೆಸರು. ನಮ್ಮ ಥರ್ಮೊಕೋಲ್ ಹುಟ್ಟುವುದೇ ಈ ಗುಣದಿಂದ. ಕಾರ್ಖಾನೆಯ ಯಂತ್ರದೊಳಗೆ ಅದು ವರ. ಶೇಖರಣಾ ತೊಟ್ಟಿಯೊಳಗೆ ಅದೇ ಶಾಪ. ಏಕೆಂದರೆ ಈ ಕ್ರಿಯೆ ಶಾಖವನ್ನು ಹೊರಹಾಕುತ್ತದೆ. ಶಾಖ ಹೆಚ್ಚಿದಂತೆ ಕ್ರಿಯೆಯೂ ಚುರುಕಾಗುತ್ತದೆ. ಒಂದು ಹಂತ ದಾಟಿದ ಮೇಲೆ ಅದನ್ನು ತಡೆಯುವುದು ಮನುಷ್ಯ ಪ್ರಯತ್ನಕ್ಕೆ ಮೀರಿದ ಮಾತು. ಆದ್ದರಿಂದಲೇ ಇದರ ಶೇಖರಣೆಗೆ ಕೆಲವು ಕಟ್ಟುಪಾಡುಗಳಿವೆ. ತೊಟ್ಟಿಯನ್ನು ಹಗಲಿರುಳೂ ತಂಪಾಗಿಡಬೇಕು. ಟರ್ಷಿಯರಿ ಬ್ಯುಟೈಲ್ ಕ್ಯಾಟೆಕಾಲ್ ಎಂಬ ಪ್ರತಿಬಂಧಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ, ಅದು ಸವೆದುಹೋಗಿಲ್ಲವೆಂಬುದನ್ನು ಆಗಾಗ ಪರೀಕ್ಷಿಸಬೇಕು. ಆ ಪ್ರತಿಬಂಧಕ ಕೆಲಸ ಮಾಡಬೇಕಾದರೆ ದ್ರವದಲ್ಲಿ ಕೊಂಚ ಆಮ್ಲಜನಕ ಕರಗಿರಬೇಕು. ಒಂದು ಕಡೆ ಬಿಸಿ, ಒಂದು ಕಡೆ ತಂಪು ಆಗದಂತೆ ದ್ರವವನ್ನು ಸುತ್ತಾಡಿಸುತ್ತಿರಬೇಕು. ಇವುಗಳಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಹಾಲು ಕಾಯಿಸಲಿಟ್ಟ ಗೃಹಿಣಿಯ ಎಚ್ಚರವೇ ಸಾಕು. ಆದರೆ ಆ ಎಚ್ಚರ ಒಂದು ದಿನವೂ ತಪ್ಪಬಾರದು.

ವಿಶಾಖಪಟ್ಟಣದಲ್ಲಿ ಅದು ತಪ್ಪಿತು. ಆರ್.ಆರ್. ವೆಂಕಟಾಪುರಂ ಎಂಬ ಊರಿನ ಮಗ್ಗುಲಲ್ಲಿರುವ ಆ ಕಾರ್ಖಾನೆ 1961ರಲ್ಲಿ ಹಿಂದುಸ್ತಾನ್ ಪಾಲಿಮರ್ಸ್ ಎಂಬ ಹೆಸರಿನಿಂದ ಆರಂಭವಾಯಿತು. 1978ರಲ್ಲಿ ಅದು ನಮ್ಮ ಬೆಂಗಳೂರಿನ ಯು.ಬಿ. ಸಮೂಹದ ಮೆಕ್‌ಡೊವೆಲ್ ಕಂಪನಿಯೊಡನೆ ವಿಲೀನಗೊಂಡಿತು. 1997ರಲ್ಲಿ ದಕ್ಷಿಣ ಕೊರಿಯದ ಎಲ್.ಜಿ. ಸಮೂಹದ ಕೈಸೇರಿತು. 2020ರ ಮಾರ್ಚಿನಲ್ಲಿ ಕೊರೋನಾ ದಿಗ್ಬಂಧನದಿಂದ ಉತ್ಪಾದನೆ ನಿಂತಾಗ ಸಾವಿರ ಟನ್ನಿಗೂ ಮೀರಿದ ಸ್ಟೈರೀನ್ ಒಂದು ಹಳೆಯ ತೊಟ್ಟಿಯಲ್ಲಿ ವಾರಗಟ್ಟಲೆ ನಿಂತಲ್ಲೇ ನಿಂತಿತು. ಉಷ್ಣಮಾಪಕವಿದ್ದದ್ದು ತೊಟ್ಟಿಯ ತಳದಲ್ಲಿ, ಬಿಸಿಯೇರಿದ್ದು ಮೇಲ್ಪದರದಲ್ಲಿ. ತಳದ ಅಂಕಿ ನೋಡಿದವರು ಎಲ್ಲವೂ ಸರಿಯಾಗಿದೆಯೆಂದು ಭಾವಿಸಿದರು. ಮೇ 7ರ ನಸುಕಿನಲ್ಲಿ, ಊರು ಗಾಢನಿದ್ರೆಯಲ್ಲಿದ್ದಾಗ, ಆವಿ ಹೊರನುಗ್ಗಿತು. ಎದ್ದವರು ಓಡಿದರು, ಓಡುತ್ತ ಓಡುತ್ತ ರಸ್ತೆಯಲ್ಲೇ ಕುಸಿದರು. 12 ಮಂದಿ ಸತ್ತರು; ನೂರಾರು ಮಂದಿ ಆಸ್ಪತ್ರೆ ಸೇರಿದರು; ದನಕರುಗಳು ನಿಂತಲ್ಲೇ ಬಿದ್ದವು.

ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಅದೇ ವರ್ಷದ ಜುಲೈನಲ್ಲಿ ಕೊಟ್ಟ ವರದಿ ತಂಪುಮಾಡುವ ವ್ಯವಸ್ಥೆಯ ಲೋಪವನ್ನು, ಪ್ರತಿಬಂಧಕದ ಕೊರತೆಯನ್ನು, ಉಷ್ಣ ಅಳೆಯುವ ವಿಧಾನದ ದೋಷವನ್ನು ಒಂದೊಂದಾಗಿ ಎತ್ತಿ ತೋರಿಸಿತು. ಅದರಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಲಕಿದ್ದು ಮತ್ತೊಂದು ಸಂಗತಿ. ಅಪಾಯದ ಸೈರನ್ ಒತ್ತುವ ಗುಂಡಿಗಳು ಆ ಕಾರ್ಖಾನೆಯಲ್ಲಿ 36 ಕಡೆ ಇದ್ದವು. ಯಾರೂ ಒಂದನ್ನೂ ಒತ್ತಲಿಲ್ಲ. ಒತ್ತಿದ್ದರೂ ಅದರ ಅರ್ಥ ಊರಿನವರಿಗೆ ತಿಳಿಯುತ್ತಿತ್ತೇ? ಯಾವ ದಿಕ್ಕಿಗೆ ಹೋಗಬೇಕು, ಮಹಡಿ ಹತ್ತಬೇಕೋ ಇಳಿಯಬೇಕೋ ಎಂದು ಅವರಿಗೆ ಮುಂಚೆ ಯಾರಾದರೂ ಹೇಳಿದ್ದರೇ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಹಳೆಯ ಉತ್ತರವೊಂದಿದೆ; ಅದು ಭೋಪಾಲ್. 1984ರ ಡಿಸೆಂಬರ್ 2ರ ನಡುರಾತ್ರಿ ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್ ಹೊರಬಿದ್ದಾಗ ಸಾವಿರಾರು ಜನ ಸತ್ತರು. ಬಂದದ್ದು ಯಾವ ಅನಿಲ, ಅದಕ್ಕೆ ಯಾವ ಮದ್ದು ಎಂಬುದು ವೈದ್ಯರಿಗೇ ಗೊತ್ತಿರಲಿಲ್ಲ. ಆ ಅನಿಲ ನೀರಿನೊಡನೆ ಕೂಡಿ ಮಾರ್ಪಡುತ್ತದೆ. ಮುಖಕ್ಕೆ ಒದ್ದೆ ಬಟ್ಟೆ ಹಿಡಿದಿದ್ದರೂ ಎಷ್ಟೋ ಜನಕ್ಕೆ ಹಾನಿ ತಗ್ಗುತ್ತಿತ್ತು. ಸ್ಟೈರೀನಾದರೋ ನೀರಿನಲ್ಲಿ ಕರಗುವುದು ತೀರ ಕಡಿಮೆ. ಒದ್ದೆ ಬಟ್ಟೆಯನ್ನು ನಂಬಿ ನಿಂತವನಿಗೆ ಅದು ರಕ್ಷೆಯಾಗದು. ಒಂದು ವಿಷಕ್ಕೆ ಸರಿಯಾದ ಉಪಾಯ ಇನ್ನೊಂದಕ್ಕೆ ಸಲ್ಲದು. ಆದ್ದರಿಂದ ‘ಎಚ್ಚರದಿಂದಿರಿ’ ಎಂಬ ಸಾಮಾನ್ಯ ಉಪದೇಶದಿಂದ ಪ್ರಯೋಜನವಿಲ್ಲ. ಗೋಡೆಯಾಚೆಯ ವಸ್ತುವಿನ ಹೆಸರು, ಗುಣ, ಅದಕ್ಕೆ ತಕ್ಕ ನಡವಳಿಕೆ ಈ ಮೂರೂ ಮುಂಚಿತವಾಗಿ ತಿಳಿದಿರಬೇಕು.

ಕಾನೂನು ಇಲ್ಲವೆಂದಲ್ಲ. ಭೋಪಾಲಿನ ಚಿತೆಯ ಬೆಳಕಿನಲ್ಲೇ ನಮ್ಮ ಕಾನೂನುಗಳು ಬರೆಯಲ್ಪಟ್ಟವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಹೊರೆಯ ಜನರಿಗೂ ತಿಳಿಸುವುದು ಕಾರ್ಖಾನೆಯ ಹೊಣೆಯೆಂದು ವಿಧಿಸಲಾಯಿತು. ಆ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ಬಂದ ಹೊಸ ಸಂಹಿತೆಯೂ ಈ ಹೊಣೆಯನ್ನು ಕೈಬಿಟ್ಟಿಲ್ಲ. ಅಪಾಯಕಾರಿ ರಾಸಾಯನಿಕಗಳ ಬಗೆಗಿನ 1989ರ ನಿಯಮಗಳ ಪ್ರಕಾರ, ದೊಡ್ಡ ಅಪಘಾತದ ಸ್ವರೂಪವೇನು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕಾರ್ಖಾನೆಯ ಹೊರಗಿನ ಜನರಿಗೂ ಮೊದಲೇ ಹೇಳಿರತಕ್ಕದ್ದು. 1996ರ ನಿಯಮಗಳು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ಸಮಿತಿಯನ್ನೂ ಅದರ ಕೆಳಗೆ ಸ್ಥಳೀಯ ಸಮಿತಿಗಳನ್ನೂ ರಚಿಸಿದವು.

ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದವನಾಗಿ ಒಂದು ಮಾತು ಹೇಳಬೇಕು. ‘ಸಾರ್ವಜನಿಕರಿಗೆ ಮಾಹಿತಿ ನೀಡಲಾಗಿದೆ’ ಎಂಬ ಒಂದು ಸಾಲು ಕಡತವನ್ನು ಮುಚ್ಚಲು ಸಾಕಾಗುತ್ತದೆ. ಯಾರಿಗೆ, ಯಾವಾಗ, ಯಾವ ಭಾಷೆಯಲ್ಲಿ ಎಂದು ಅಂಚಿನಲ್ಲಿ ಟಿಪ್ಪಣಿ ಬರೆಯುವ ಅಧಿಕಾರಿ ವಿರಳ. ಆ ಟಿಪ್ಪಣಿಯನ್ನು ಬರೆಯಿಸಬೇಕಾದವರು ಮಾಹಿತಿ ಸಿಗದ ಜನರೇ.

ಭಾಷೆಯ ವಿಷಯದಲ್ಲಿ ಕಾನೂನು ಪೂರ್ತಿ ಕುರುಡಾಗಿರಲಿಲ್ಲ. ಕಾರ್ಖಾನೆಯ ಸೂಚನಾಫಲಕಗಳು ಇಂಗ್ಲಿಷಿನಲ್ಲೂ ಅಲ್ಲಿನ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಒಂದು ಭಾಷೆಯಲ್ಲೂ ಇರಬೇಕೆಂದು 1948ರ ಕಾಯಿದೆ ಹೇಳಿತ್ತು. ಅಪಾಯಕಾರಿ ವಸ್ತು ಸಾಗಿಸುವ ಟ್ಯಾಂಕರಿನ ಚಾಲಕನಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕೆಂದು ಮೋಟಾರು ವಾಹನ ನಿಯಮಗಳು ಹೇಳಿದವು. ಆದರೆ ಬಹುಸಂಖ್ಯಾತರ ಭಾಷೆ ಎಂದೊಡನೆ ಅಲ್ಪಸಂಖ್ಯಾತನ ಗತಿಯೇನು? ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಮಳೆ ಕೈಕೊಟ್ಟ ವರ್ಷ ಮುಂಬಯಿಗೋ ಪುಣೆಗೋ ಬಂದು ಗುತ್ತಿಗೆದಾರನ ಕೈಕೆಳಗೆ ಸೇರುವ ಕನ್ನಡದ ಕೂಲಿಯಾಳಿಗೆ ಮರಾಠಿ ಮಾತು ಆರು ತಿಂಗಳಲ್ಲಿ ಬಂದೀತು; ಪೀಪಾಯಿಯ ಮೇಲಿನ ಇಂಗ್ಲಿಷ್ ಅಕ್ಷರ ಬಾರದು. ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ 2016ರ ಮೇ ತಿಂಗಳಲ್ಲೊಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ರಾಸಾಯನಿಕ ಕಾರ್ಖಾನೆ ಸಿಡಿದು, ಎರಡು ಸಲವೂ ಹತ್ತಕ್ಕೂ ಹೆಚ್ಚು ಜನ ಸತ್ತರು. ದೂರದ ಮನೆಗಳ ಗಾಜು ಪುಡಿಯಾಯಿತು. ಗಾಜು ಒಡೆದ ಮನೆಯವರಿಗೆ ತಮ್ಮ ನೆರೆಯ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆಂದು ಗೊತ್ತಿತ್ತೇ?

ಈ ದೂರನ್ನು ಇತರರ ಮೇಲೆ ಹೊರಿಸುವ ಮೊದಲು ನಮ್ಮ ತಾಯಿನಾಡಿನತ್ತ ಒಮ್ಮೆ ತಿರುಗಿ ನೋಡುವುದು ನ್ಯಾಯ. ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರಲ್ಲಿ 2022ರ ಏಪ್ರಿಲಿನಲ್ಲಿ ತ್ಯಾಜ್ಯದ ತೊಟ್ಟಿಗಿಳಿದ ಒಬ್ಬ ಕುಸಿದ. ಅವನನ್ನು ಎತ್ತಲು ಹೋದವರೂ ಕುಸಿದರು. ಸತ್ತ ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ‘ತೊಟ್ಟಿಯೊಳಗೆ ವಿಷಾನಿಲವಿರುತ್ತದೆ, ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಎತ್ತಲು ಇಳಿಯಬೇಡ’ ಎಂಬ ಮಾತು ಅವರಿಗೆ ಬಂಗಾಳಿಯಲ್ಲಿ ತಲುಪಿರಬೇಕಿತ್ತು. ಇಲ್ಲಿ ನಾವು ಕನ್ನಡಕ್ಕಾಗಿ ಕೇಳುವ ಹಕ್ಕನ್ನು ಅಲ್ಲಿ ಬಂಗಾಳಿಗೆ, ಒಡಿಯಾಕ್ಕೆ, ಹಿಂದಿಗೆ ಕೊಡದಿದ್ದರೆ ನಮ್ಮ ಬೇಡಿಕೆಗೆ ನೈತಿಕ ಬಲವಿರದು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಸಂಘಗಳು ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿಸುತ್ತವೆ, ಸ್ಮರಣ ಸಂಚಿಕೆ ಅಚ್ಚು ಹಾಕಿಸುತ್ತವೆ. ಅದೇ ಅಚ್ಚುಕೂಟದಲ್ಲಿ ಒಂದು ಹಾಳೆಯ ಕನ್ನಡ ಕೈಪಿಡಿ ಅಚ್ಚಾಗಲಿ. ತಮ್ಮ ಬಡಾವಣೆಯ ಸುತ್ತ ಯಾವ ಅಪಾಯಕಾರಿ ವಸ್ತುಗಳ ಶೇಖರಣೆಯಿದೆಯೆಂದು ಸಂಘದ ಕಾರ್ಯದರ್ಶಿಗಳು ಜಿಲ್ಲಾಧಿಕಾರಿಯ ಕಚೇರಿಯಿಂದ ಮಾಹಿತಿ ಹಕ್ಕಿನ ಕಾಯಿದೆಯಡಿ ಬರೆದು ಕೇಳಲಿ. ನಮ್ಮ ಸದಸ್ಯರಲ್ಲಿ ರಸಾಯನ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಅವರಿಗೆ ಶಾಲು ಹೊದಿಸುವುದರ ಜೊತೆಗೆ ಒಂದು ಭಾನುವಾರದ ಪಾಠವನ್ನೂ ಕೇಳೋಣ. ಕೂಲಿಕಾರರ ವಸತಿಗಳಿಗೆ ಹೋಗಿ ಪೀಪಾಯಿಯ ಮೇಲಿನ ಜ್ವಾಲೆಯ ಗುರುತು, ತಲೆಬುರುಡೆಯ ಗುರುತು ಏನೆಂದು ಕನ್ನಡದಲ್ಲಿ ಹೇಳಿಕೊಡೋಣ.

ಕೈಪಿಡಿಯಲ್ಲಿ ಇರಬೇಕಾದದ್ದು ಹೆಚ್ಚೇನಲ್ಲ. ಸ್ಟೈರೀನಿನಂತಹ ಭಾರದ, ಹೊತ್ತಿಕೊಳ್ಳುವ ಆವಿ ಬಂದಾಗ ಬೆಂಕಿಕಡ್ಡಿ ಗೀರಬೇಡಿ, ವಿದ್ಯುತ್ ಗುಂಡಿ ಮುಟ್ಟಬೇಡಿ, ವಾಹನ ಚಾಲೂ ಮಾಡಬೇಡಿ. ಗಾಳಿ ಬೀಸುವ ದಿಕ್ಕಿನಲ್ಲೇ ಓಡಿದರೆ ಆವಿಯೂ ಜೊತೆಯಲ್ಲೇ ಬರುತ್ತದೆ. ಗಾಳಿಗೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ಹೋಗಿ. ಹೊರಹೋಗಲಾಗದಿದ್ದರೆ ಕಿಟಕಿ ಬಾಗಿಲು ಮುಚ್ಚಿ ಮೇಲಿನ ಮಹಡಿಗೆ ಹತ್ತಿ, ನೆಲಮಾಳಿಗೆಗೆ ಇಳಿಯಬೇಡಿ. ಮೈಮೇಲೆ ದ್ರವ ಬಿದ್ದರೆ ಬಟ್ಟೆ ಕಳಚಿ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣು ಉರಿದರೆ ಉಜ್ಜದೆ ನೀರು ಹಾಯಿಸಿ. ಬಿದ್ದವರನ್ನು ಶುದ್ಧ ಗಾಳಿಗೆ ಒಯ್ದು ವೈದ್ಯರಿಗೆ ವಸ್ತುವಿನ ಹೆಸರು ಹೇಳಿ. ಈ ಏಳೆಂಟು ವಾಕ್ಯಗಳು ಅಂದು ಆರ್.ಆರ್. ವೆಂಕಟಾಪುರದ ಪ್ರತಿ ಮನೆಯ ಗೋಡೆಯ ಮೇಲೆ ತೆಲುಗಿನಲ್ಲಿ ಇದ್ದಿದ್ದರೆ, ಸತ್ತವರಲ್ಲಿ ಕೆಲವರಾದರೂ ಬದುಕಿರುತ್ತಿದ್ದರೆಂದು ನಂಬಲು ಕಾರಣವಿದೆ.

ಭಾಷೆಯನ್ನು ಉಳಿಸಿಕೊಳ್ಳುವುದೆಂದರೆ ಅದರಲ್ಲಿ ಹಾಡುವುದಷ್ಟೇ ಅಲ್ಲ; ಜೀವ ಉಳಿಸುವ ಮಾತನ್ನೂ ಅದರಲ್ಲಿ ಆಡಲು ಬರಬೇಕು. ಮುಂದಿನ ಸಂಚಿಕೆಯೊಳಗೆ ಯಾವ ಸಂಘವಾದರೂ ತನ್ನ ಬಡಾವಣೆಯ ಇಂತಹ ಕೈಪಿಡಿಯನ್ನು ಸಿದ್ಧಪಡಿಸಿ ಕಳುಹಿಸಿದರೆ ಅದನ್ನು ಈ ಪುಟಗಳಲ್ಲಿ ಮೊದಲ ಬರಹವಾಗಿ ಪ್ರಕಟಿಸುತ್ತೇವೆ. ಕವಿತೆಗಳು ಒಂದು ಸಂಚಿಕೆಯ ಮಟ್ಟಿಗೆ ಕಾಯಲಿ, ಕವಿಗಳು ಕ್ಷಮಿಸಿಯಾರು.