ಒಂದು ಡಿಸ್ಕು, ಇಬ್ಬರು ಲೆಕ್ಕಿಗರು

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಬಿನಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ 1974ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2284 ಅಡಿ, ಸಾಮರ್ಥ್ಯ 19.52 ಟಿ.ಎಂ.ಸಿ. ಎಡದಂಡೆಗೊಂದು ನಾಲೆ, ಬಲದಂಡೆಗೊಂದು ನಾಲೆ. ನೀರು ನಿಂತಿರುವುದು ಮಾತ್ರ ಒಂದೇ ಕಡೆ.

ಈಗ ಹೀಗೊಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಎರಡು ನಾಲೆಗಳಿಗೆ ಇಬ್ಬರು ಲೆಕ್ಕಿಗರು. ತಿಂಗಳ ಮೊದಲ ದಿನ ಇಬ್ಬರೂ ಜಲಾಶಯದ ಮಟ್ಟ ನೋಡಿ, ‘ಹಂಚಲು ಒಂದು ಟಿ.ಎಂ.ಸಿ. ಉಳಿದಿದೆ’ ಎಂದು ತಮ್ಮ ತಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಯಾರೂ ಮತ್ತೆ ಮಟ್ಟ ನೋಡುವುದಿಲ್ಲ, ಒಬ್ಬರನ್ನೊಬ್ಬರು ಕೇಳುವುದೂ ಇಲ್ಲ. ಎಡದವರು ಆ ಒಂದು ಟಿ.ಎಂ.ಸಿ.ಯನ್ನು ತಮ್ಮ ರೈತರಿಗೆ ಹಂಚುತ್ತಾರೆ. ಬಲದವರು ಅದೇ ನೀರನ್ನು ತಮ್ಮವರಿಗೆ ಹಂಚುತ್ತಾರೆ. ಇಬ್ಬರೂ ಪ್ರಾಮಾಣಿಕರೇ, ಇಬ್ಬರ ಕೂಡುವಿಕೆ ಕಳೆಯುವಿಕೆಯೂ ಸರಿಯೇ. ಆದರೂ ಕೊನೆಯಲ್ಲಿ ಯಾರದೋ ಗದ್ದೆ ಒಣಗುತ್ತದೆ. ನಿಜವಾದ ಅಣೆಕಟ್ಟೆಗಳಲ್ಲಿ ಹೀಗಾಗದಿರಲು ಕಾರಣ, ಲೆಕ್ಕ ಒಂದೇ ಕಡೆ ಇರುವುದು.

ಹಳೆಯ ಕಾಲದ ಎರಡು ಗೃಹ ಕಂಪ್ಯೂಟರುಗಳಿಗೆ ಒಂದೇ ಹಾರ್ಡ್ ಡಿಸ್ಕನ್ನು ಜೋಡಿಸಿದಾಗ ಎದುರಾಗುವ ತೊಂದರೆಯೂ ಇದೇ.

ಜೋಡಿಸುವ ಅಗತ್ಯವಾದರೂ ಏಕಿತ್ತು? ಇಂದಿನ ವಿದ್ಯಾರ್ಥಿಗಳಿಗೆ ಇದು ವಿಚಿತ್ರವೆನಿಸಬಹುದು. ಅವರ ತಂದೆ ತಾಯಿಯರಿಗೆ ಅಷ್ಟಾಗಿ ಅಲ್ಲ. 1984–85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ‘ಬಿಬಿಸಿ ಮೈಕ್ರೋ’ ಎಂಬ ಕಂಪ್ಯೂಟರನ್ನು ಕೊಟ್ಟಿತು. ಇಂಗ್ಲೆಂಡಿನ ಏಕಾರ್ನ್ ಕಂಪೆನಿ 1981ರಲ್ಲಿ ಹೊರತಂದ ಯಂತ್ರ ಅದು. ಬಿ ಮಾದರಿಯಲ್ಲಿ ಇದ್ದದ್ದು 32 ಕಿಲೋಬೈಟ್ ಸ್ಮೃತಿ. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರಲ್ಲಿ ಹಿಡಿಸದು. ಬರೆದ ಪ್ರೋಗ್ರಾಮನ್ನು ಉಳಿಸಲು ಅನೇಕರ ಬಳಿ ಇದ್ದ ಸಾಧನ, ಹಾಡು ಕೇಳುವ ಟೇಪ್ ರೆಕಾರ್ಡರು. ಸೆಕೆಂಡಿಗೆ 1200 ಬಿಟ್ ವೇಗ, ಅಂದರೆ ಸುಮಾರು 120 ಅಕ್ಷರ. 20 ಕಿಲೋಬೈಟಿನ ಪ್ರೋಗ್ರಾಮು ಕ್ಯಾಸೆಟ್ಟಿನಿಂದ ಒಳಬರಲು ಹೆಚ್ಚುಕಡಿಮೆ ಮೂರು ನಿಮಿಷ ಕಾಯಬೇಕು. (ವಿದ್ಯಾರ್ಥಿಗಳು ಲೆಕ್ಕ ಹಾಕಿ ತಾಳೆ ನೋಡಬಹುದು.) ಟೇಪಿನಲ್ಲಿ ಎಲ್ಲೋ ಸುಕ್ಕಿದ್ದರೆ ಮತ್ತೆ ಮೊದಲಿನಿಂದ.

ಹಾರ್ಡ್ ಡಿಸ್ಕ್ ಈ ಕಾಯುವಿಕೆಯನ್ನು ಅಳಿಸಿಹಾಕಿತು. ಆದರೆ ಬೆಲೆ! 1980ರ ಸುಮಾರಿಗೆ ಅಮೆರಿಕದ ಕಾರ್ವಸ್ ಕಂಪೆನಿ ಆಪಲ್ ಕಂಪ್ಯೂಟರಿಗೆ ಮಾರುತ್ತಿದ್ದ ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು 10 ಮೆಗಾಬೈಟಿಗೂ ತುಸು ಕಡಿಮೆ. ಬೆಲೆ ಐದು ಸಾವಿರ ಡಾಲರಿಗೂ ಹೆಚ್ಚು. ಕಂಪ್ಯೂಟರಿಗಿಂತ ಅದರ ಡಿಸ್ಕೇ ದುಬಾರಿ. ಅಂದಮೇಲೆ ಹಂಚಿಕೊಳ್ಳದೆ ಗತ್ಯಂತರವಿಲ್ಲ.

ತಂತಿಯ ಕೆಲಸ ಅಷ್ಟೇನೂ ಕಷ್ಟದ್ದಲ್ಲ. 1979ರಲ್ಲಿ ಶುಗಾರ್ಟ್ ಕಂಪೆನಿ ರೂಪಿಸಿದ ‘ಸಾಸಿ’ ಎಂಬ ಜೋಡಣೆಯಲ್ಲಿ ಯಜಮಾನ ಕಂಪ್ಯೂಟರು ಒಂದೇ ಇರಬಹುದಿತ್ತು. ಅದರಿಂದಲೇ ಬೆಳೆದು 1986ರಲ್ಲಿ ಮಾನಕವಾದ ‘ಸ್ಕಸಿ’ ಎರಡನೆಯ ಯಜಮಾನನಿಗೂ ಜಾಗ ಕೊಟ್ಟಿತು. ಸಾಲಿನಲ್ಲಿರುವ ಪ್ರತಿಯೊಂದು ಸಾಧನಕ್ಕೂ 0ಯಿಂದ 7ರವರೆಗೆ ಒಂದೊಂದು ಸಂಖ್ಯೆ. ಕಂಪ್ಯೂಟರಿಗೆ ಸಾಮಾನ್ಯವಾಗಿ 7; ಎರಡನೆಯ ಕಂಪ್ಯೂಟರಿಗೆ 6 ಕೊಟ್ಟರಾಯಿತು. ಇಬ್ಬರೂ ಒಮ್ಮೆಗೇ ಮಾತಾಡಲು ಹೊರಟರೆ ದೊಡ್ಡ ಸಂಖ್ಯೆಯವನಿಗೆ ಮೊದಲ ಅವಕಾಶ. ತಂತಿಯ ಎರಡು ತುದಿಗಳಿಗೂ ಸಂಕೇತ ಪ್ರತಿಫಲಿಸಿ ಹಿಂದೆ ಬಾರದಂತೆ ತಡೆಯುವ ಪ್ರತಿರೋಧಕಗಳನ್ನು ಹಾಕಬೇಕು. ಯಂತ್ರಾಂಶದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಎರಡೂ ಕಂಪ್ಯೂಟರುಗಳಿಗೆ ಡಿಸ್ಕು ಕಾಣುತ್ತದೆ, ಎರಡೂ ಓದುತ್ತವೆ. ಹುಡುಗರು ಚಪ್ಪಾಳೆ ತಟ್ಟುವುದು ಇಲ್ಲೇ. ಅನಾಹುತ ಶುರುವಾಗುವುದೂ ಇಲ್ಲೇ.

ಡಿಸ್ಕಿನ ಒಳಗನ್ನು ಒಂದು ದೊಡ್ಡ ಗೋದಾಮು ಎನ್ನಿ. ಏಕಾರ್ನ್ ಪದ್ಧತಿಯಲ್ಲಿ ಒಂದೊಂದು ಕೋಣೆಗೆ 256 ಬೈಟ್. 10 ಮೆಗಾಬೈಟಿನ ಡಿಸ್ಕೆಂದರೆ 40,960 ಕೋಣೆಗಳು. ಯಾವ ಕೋಣೆಗಳು ಖಾಲಿ ಇವೆ ಎಂಬ ಪಟ್ಟಿ ಡಿಸ್ಕಿನ ಆರಂಭದಲ್ಲೇ ಇರುತ್ತದೆ. ಯಾವ ಕಡತ ಎಲ್ಲಿದೆ ಎನ್ನುವುದಕ್ಕೆ ಇನ್ನೊಂದು ಪಟ್ಟಿ. ಪ್ರತಿ ಸಲವೂ ಡಿಸ್ಕಿಗೆ ಹೋಗಿ ಪಟ್ಟಿ ನೋಡುತ್ತ ಕುಳಿತರೆ ಕೆಲಸ ಸಾಗದು. ಆದ್ದರಿಂದ ಕಂಪ್ಯೂಟರು ಪಟ್ಟಿಯ ಪ್ರತಿಯೊಂದನ್ನು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕು ತನ್ನೊಬ್ಬನದೇ ಎಂಬ ನಂಬಿಕೆ ಅದಕ್ಕೆ. ಒಂಟಿ ಕಂಪ್ಯೂಟರಿಗೆ ಆ ನಂಬಿಕೆಯಲ್ಲಿ ತಪ್ಪೇನೂ ಇಲ್ಲ.

ಎರಡು ಕಂಪ್ಯೂಟರುಗಳಾದಾಗ? ಮೊದಲನೆಯದು 500ನೆಯ ಕೋಣೆ ಖಾಲಿ ಎಂದು ತಿಳಿದು ಅಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟನ್ನು ಬರೆಯುತ್ತದೆ. ಎರಡನೆಯದರ ಹಳೆಯ ಪ್ರತಿಯಲ್ಲಿ 500 ಇನ್ನೂ ಖಾಲಿಯೇ. ಅದು ಅದೇ ಕೋಣೆಯಲ್ಲಿ ಶಾಲೆಯ ಅಂಕಪಟ್ಟಿಯನ್ನು ಬರೆಯುತ್ತದೆ. ಪ್ರಾಜೆಕ್ಟು ಹೋಯಿತು. ಜಲಾಶಯದಲ್ಲಾದರೆ ಮಟ್ಟ ಇಳಿದದ್ದು ಕಣ್ಣಿಗಾದರೂ ಕಾಣುತ್ತದೆ. ಇಲ್ಲಿ ಸದ್ದಿಲ್ಲ, ಎಚ್ಚರಿಕೆಯ ಸಂದೇಶವಿಲ್ಲ. ವಾರ ಕಳೆದು ಹುಡುಗ ತನ್ನ ಕಡತ ತೆರೆದಾಗ ಅರ್ಧದಿಂದಾಚೆಗೆ ಯಾರದೋ ಗಣಿತದ ಅಂಕಗಳು! ಇನ್ನು ಎರಡೂ ಕಂಪ್ಯೂಟರುಗಳು ತಮ್ಮ ತಮ್ಮ ಪಟ್ಟಿಯನ್ನು ಡಿಸ್ಕಿಗೆ ಹಿಂತಿರುಗಿಸಿ ಬರೆದರಂತೂ ಕೊನೆಗೆ ಬರೆದವನ ಪಟ್ಟಿಯೇ ಉಳಿಯುತ್ತದೆ. ಇನ್ನೊಬ್ಬನ ಕಡತಗಳು ಇದ್ದೂ ಇಲ್ಲದಂತೆ.

ಸ್ಕಸಿಯ ಸರದಿ ವ್ಯವಸ್ಥೆ ಇದನ್ನು ತಡೆಯುವುದಿಲ್ಲವೇ ಎಂದು ಚುರುಕು ವಿದ್ಯಾರ್ಥಿಯೊಬ್ಬ ಕೇಳಬಹುದು. ಒಳ್ಳೆಯ ಪ್ರಶ್ನೆ. ಅದು ತಂತಿಯನ್ನು ಒಂದು ಮಾತು ಮುಗಿಯುವವರೆಗೆ ಕಾಯ್ದಿರಿಸುತ್ತದೆ, ಅಷ್ಟೆ. ಒಂದು ಕಡತವನ್ನು ಉಳಿಸುವುದೋ ಹಲವು ಮಾತುಗಳ ಕೆಲಸ: ಪಟ್ಟಿ ಓದು, ಖಾಲಿ ಕೋಣೆ ಹುಡುಕು, ಕಡತ ಬರೆ, ಪಟ್ಟಿ ತಿದ್ದು. ನಡುವೆ ಇನ್ನೊಬ್ಬ ತೂರಿಕೊಳ್ಳಲು ಬೇಕಾದಷ್ಟು ಬಿಡುವಿದೆ.

ಪರಿಹಾರಗಳು ಇಲ್ಲದಿಲ್ಲ. ಎಲ್ಲಕ್ಕಿಂತ ಸುಲಭದ್ದು, ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದಂತೆ ಡಿಸ್ಕನ್ನು ಎರಡು ಭಾಗ ಮಾಡಿ ಒಬ್ಬರ ಭಾಗಕ್ಕೆ ಇನ್ನೊಬ್ಬರು ಕಾಲಿಡದಿರುವುದು. ಸುರಕ್ಷಿತವೇನೋ ಹೌದು, ಆದರೆ ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದು. ಹಂಚಿಕೊಂಡ ಸುಖವೇ ಇಲ್ಲ. ಒಬ್ಬ ಬರೆಯಲಿ, ಇನ್ನೊಬ್ಬ ಬರೀ ಓದಲಿ ಎನ್ನಬಹುದು. ಆಗಲೂ ಓದುವವನು ಹಳೆಯ ಪಟ್ಟಿ ಹಿಡಿದು ಕುಳಿತರೆ ಅವನಿಗೆ ಸಿಗುವುದು ಕಸವೇ.

ಮೂರನೆಯದು ಬೀಗ. ಸ್ಕಸಿಯಲ್ಲಿ ‘ಡಿಸ್ಕನ್ನು ನನಗೆ ಕಾಯ್ದಿರಿಸು’, ‘ಬಿಟ್ಟುಕೊಟ್ಟೆ’ ಎಂಬ ಎರಡು ಆದೇಶಗಳುಂಟು. ಪಟ್ಟಿ ಓದುವ ಮೊದಲು ಬೀಗ ಹಾಕಿ, ತಿದ್ದಿದ ಮೇಲೆ ತೆಗೆದರೆ ನಡುವೆ ಯಾರೂ ನುಸುಳಲಾರರು. ಬೀಗ ಸಿಕ್ಕ ಕೂಡಲೇ ಸ್ಮೃತಿಯಲ್ಲಿರುವ ಹಳೆಯ ಪಟ್ಟಿಯನ್ನು ಎಸೆದು ಹೊಸದಾಗಿ ಓದುವುದು ಮಾತ್ರ ಕಡ್ಡಾಯ. ಬೀಗವಿದ್ದೂ ಇದನ್ನು ಮರೆತರೆ ಫಲವಿಲ್ಲ. ಒಂಟಿ ಬಳಕೆಗೆಂದೇ ಬರೆದ ಗೃಹ ಕಂಪ್ಯೂಟರುಗಳ ತಂತ್ರಾಂಶಕ್ಕೆ ಈ ಶಿಸ್ತು ಗೊತ್ತಿರಲಿಲ್ಲ.

ಶಾಲೆಗಳಿಗೆ ಹೆಚ್ಚು ಒಗ್ಗಿದ್ದು ನಾಲ್ಕನೆಯ ದಾರಿ. ಡಿಸ್ಕನ್ನು ಮುಟ್ಟುವ ಅಧಿಕಾರ ಒಂದೇ ಕಂಪ್ಯೂಟರಿಗೆ. ಉಳಿದವು ಅದನ್ನು ಕೇಳಬೇಕು. ಹಿಂದೆ ಹಳ್ಳಿಯ ಜಮೀನಿನ ಲೆಕ್ಕ ಶ್ಯಾನುಭೋಗರ ಬಳಿ ಇರುತ್ತಿತ್ತಲ್ಲ, ಹಾಗೆ. ರೈತ ನೇರವಾಗಿ ಪುಸ್ತಕ ತಿದ್ದುವಂತಿಲ್ಲ. ಏಕಾರ್ನ್ ಮಾಡಿದ ‘ಎಕೋನೆಟ್’ ಜಾಲದಲ್ಲಿ ಇಂಥ ಶ್ಯಾನುಭೋಗ ಕಂಪ್ಯೂಟರಿಗೆ ಫೈಲ್ ಸರ್ವರ್ ಎಂದು ಹೆಸರು. ಎರಡೇ ಏನು, ಹತ್ತಿಪ್ಪತ್ತು ಯಂತ್ರಗಳೂ ಒಂದೇ ಡಿಸ್ಕಿನಿಂದ ಪಾಠ ಪಡೆಯಬಹುದಿತ್ತು. ಮೈಸೂರಿನ ರೈಲಿನ ಒಂದೇ ಬರ್ತು ಎರಡು ಊರಿನ ಕೌಂಟರಿನಲ್ಲಿ ಇಬ್ಬರಿಗೆ ಮಾರಾಟವಾಗದಿರುವುದು ಕೂಡ ಇಂಥ ವ್ಯವಸ್ಥೆಯಿಂದಲೇ.

ಇದನ್ನು ಕಂಪ್ಯೂಟರಿಲ್ಲದೆಯೂ ಮಾಡಿ ನೋಡಬಹುದು. ಒಂದು ಹಾಳೆಯಲ್ಲಿ 40 ಚೌಕ ಬರೆದು ಸಂಖ್ಯೆ ಹಾಕಿ. ಇನ್ನೊಂದು ಚೀಟಿಯಲ್ಲಿ ಖಾಲಿ ಚೌಕಗಳ ಪಟ್ಟಿ. ಇಬ್ಬರು ವಿದ್ಯಾರ್ಥಿಗಳು ಪಟ್ಟಿಯನ್ನು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬೇರೆ ಬೇರೆ ಮೂಲೆಯಲ್ಲಿ ಕೂರಲಿ; ತಲಾ 15 ಹೆಸರುಗಳಿಗೆ ತಮಗೆ ತೋಚಿದ ಖಾಲಿ ಚೌಕ ಗೊತ್ತು ಮಾಡಲಿ. ಆಮೇಲೆ ಎರಡನ್ನೂ ಒಂದೇ ಹಾಳೆಗೆ ತುಂಬಿ, ಎಷ್ಟು ಚೌಕಗಳಲ್ಲಿ ಎರಡೆರಡು ಹೆಸರು ಬಿದ್ದಿವೆ ಎಣಿಸಿ. ಎರಡನೆಯ ಸಲ ಮೇಜಿನ ಮೇಲೆ ಒಂದು ಸೀಮೆಸುಣ್ಣವಿಡಿ. ಅದು ಕೈಯಲ್ಲಿದ್ದವನು ಮಾತ್ರ ಮೂಲ ಚೀಟಿ ನೋಡಿ, ಒಂದು ಹೆಸರು ಬರೆದು, ಚೀಟಿ ತಿದ್ದಿ, ಸುಣ್ಣವನ್ನು ಮೇಜಿಗೆ ಹಿಂತಿರುಗಿಸಬೇಕು. ಎರಡು ಸಲವೂ ಗಡಿಯಾರ ನೋಡಿ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಸೀಮೆಸುಣ್ಣ ಹಿಡಿದವನು ಅದನ್ನು ಜೇಬಿಗಿಳಿಸಿ ನೀರು ಕುಡಿಯಲು ಹೋದರೆ ಆಟ ಏನಾಗುತ್ತದೆ ಎಂಬುದನ್ನೂ ಗಮನಿಸಿ. ಆಗ ಯಾವ ನಿಯಮ ಸೇರಿಸಬೇಕೆಂದು ಮಕ್ಕಳೇ ಹೇಳಲಿ.