ಟಿವಿ ಶೋಗೆ ಸಹಿ ಹಾಕೋ ಮುಂಚೆ ಕೇಳಬೇಕಾದ ಮಾತು: ಇನ್ನೊಂದು ಶೋಗೆ ಹೋಗಬಹುದಾ?

ಆಳಂದ / ಅಫಜಲಪುರ / ಜೇವರ್ಗಿ: ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ 2019ರಲ್ಲಿ ಜೀ ಕನ್ನಡದ ಸರಿಗಮಪದಲ್ಲಿ ರನ್ನರ್ ಅಪ್ ಆದರು. 2025ರ ಜನವರಿಯಲ್ಲಿ ಕಲರ್ಸ್ ಕನ್ನಡದ ಬಿಗ್ ಬಾಸ್ 11ನೇ ಸೀಸನ್ ಗೆದ್ದು 50 ಲಕ್ಷ ರೂಪಾಯಿ ತಗೊಂಡರು. ಇದನ್ನ ನೋಡಿ ನಮ್ಮ ಹಳ್ಳಿ, ತಾಂಡಾದ ಹುಡುಗರೂ ಆಡಿಷನ್ ಅಂತ ಬೆಂಗಳೂರು ಹಾದಿ ಹಿಡಿದಾರ. ಇವತ್ತು ಈ ಶೋ, ನಾಳೆ ಆ ಶೋ ಅನ್ನೋ ಲೆಕ್ಕಾಚಾರ. ಆದರೆ ಅಷ್ಟು ಸಲೀಸಿಲ್ಲ. ಹನುಮಂತ ಅವರ ಎರಡು ಫೈನಲ್‌ಗಳ ನಡುವೆಯೇ ಸುಮಾರು ಆರು ವರ್ಷದ ಅಂತರ ಅದ.

ಅಂಗಡಿಯವರಿಗೆ ಇದು ಬೇಗ ಅರ್ಥ ಆಗ್ತದ. ತಂಪು ಪಾನೀಯದ ಕಂಪನಿ ಫ್ರಿಜ್ ಕೊಡ್ತದ, ಅದರಾಗ ಬೇರೆ ಕಂಪನಿ ಬಾಟಲಿ ಇಡಂಗಿಲ್ಲ. ಶೋಗಳ ಅಗ್ರಿಮೆಂಟೂ ಹಂಗೇ. ವ್ಯತ್ಯಾಸ ಏನಂದ್ರೆ ಫ್ರಿಜ್ ವಾಪಸ್ ಕೊಟ್ಟರೆ ಮುಗೀತು. ಅಗ್ರಿಮೆಂಟ್‌ನಲ್ಲಿ ಶೋ ಮುಗಿದ ಮೇಲೂ ಇಷ್ಟು ತಿಂಗಳು ಅಂತ ಒಂದು ಸಾಲು ಸೇರಿಸಿರಬಹುದು.

ಎಲ್ಲ ನಿರ್ಬಂಧವೂ ತಪ್ಪಲ್ಲ. ಹಿಂದಿಯ ಕೌನ್ ಬನೇಗಾ ಕರೋಡ್‌ಪತಿಯಲ್ಲಿ ಒಮ್ಮೆ ಹಾಟ್ ಸೀಟ್‌ನಲ್ಲಿ ಕೂತವರಿಗೆ ಮತ್ತೆ ಅವಕಾಶ ಇಲ್ಲ. ಅಮೆರಿಕದ ಜೆಪರ್ಡಿಯಲ್ಲೂ ಇತ್ತೀಚೆಗೆ ಬೇರೆ ಗೇಮ್ ಶೋ ಆಡಿದವರಿಗೆ ತಡೆ ಅದ. ಹೊಸ ಮುಖಕ್ಕೆ ಜಾಗ ಸಿಗಲಿ ಅನ್ನೋದು ನ್ಯಾಯವೇ. ಗೆದ್ದ ಮುಖವನ್ನ ಬೇರೆ ಚಾನೆಲ್‌ಗೆ ಬಿಡದೆ ಕಟ್ಟಿಹಾಕೋದು ಮಾತ್ರ ಬೇರೆ ವಿಷಯ, ಅದು ಪಕ್ಕಾ ವ್ಯಾಪಾರ.

ಇಲ್ಲಿ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ನೆನಪಿಡಬೇಕು. ಒಬ್ಬರ ವೃತ್ತಿ, ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅಷ್ಟರಮಟ್ಟಿಗೆ ನಡೆಯಲ್ಲ. ಅಗ್ರಿಮೆಂಟ್ ಚಾಲ್ತಿಯಲ್ಲಿ ಇರೋ ತನಕ ಬೇರೆ ಕಡೆ ಹೋಗಬೇಡ ಅನ್ನೋದನ್ನ ಕೋರ್ಟ್‌ಗಳು ಸಾಮಾನ್ಯವಾಗಿ ಒಪ್ಪುತ್ತವೆ. ಅವಧಿ ಮುಗಿದ ಮೇಲಿನ ಕಟ್ಟು ನಿಲ್ಲೋದು ಕಷ್ಟ. ಕ್ರಿಕೆಟಿಗ ಜಹೀರ್ ಖಾನ್ ಮೇಲೆ ಪರ್ಸೆಪ್ಟ್ ಕಂಪನಿ ಇಂಥದ್ದೇ ಷರತ್ತು ಹೇರಲು ಹೋದಾಗ 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜಹೀರ್ ಹತ್ರ ವಕೀಲರಿದ್ದರು ಬಿಡ್ರಿ. ಜೇವರ್ಗಿಯ ಹುಡುಗ ಮುಂಬೈ ಕೋರ್ಟಿಗೆ ಅಲೆಯೋಕೆ ಆಗ್ತದಾ? ಅದಕ್ಕೇ 'ವ್ಯಾಜ್ಯ ಯಾವ ಊರಲ್ಲಿ' ಅನ್ನೋ ಸಾಲನ್ನೂ ಓದಬೇಕು.

ಇನ್ನೊಂದು ಮಾತು. 2024ರ ನವೆಂಬರ್‌ನಲ್ಲಿ ವಯಾಕಾಮ್18 ಮತ್ತು ಸ್ಟಾರ್ ಇಂಡಿಯಾ ಒಂದಾದವು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಜಿಯೋಸ್ಟಾರ್ ಮನೆಯವೇ. ಉಳಿದದ್ದು ಜೀ ಮತ್ತು ಸನ್ ಗುಂಪಿನ ಉದಯ. ನಾಲ್ಕು ದೊಡ್ಡ ಚಾನೆಲ್, ಮೂವರೇ ಮಾಲೀಕರು. ಒಬ್ಬರ ಹತ್ರ ಕೆಟ್ಟರೆ ಎರಡು ಬಾಗಿಲು ಒಟ್ಟಿಗೆ ಮುಚ್ಚಬಹುದು.

ನಮ್ಮ ಕಡೆಯವರಿಗೆ ದೊಡ್ಡ ಪೆಟ್ಟು ಟಿವಿಯಿಂದಲ್ಲ, ಜಾತ್ರೆಯಿಂದ. ಹಾಡೋ ಹುಡುಗರ ಗಳಿಕೆ ಇರೋದೇ ಜಾತ್ರೆ, ಮದುವೆ, ಆರ್ಕೆಸ್ಟ್ರಾದಲ್ಲಿ. ಅಗ್ರಿಮೆಂಟ್‌ನಲ್ಲಿ 'ಬೇರೆ ಚಾನೆಲ್' ಅಂತ ಇದೆಯೋ, 'ಯಾವುದೇ ಸಾರ್ವಜನಿಕ ಕಾರ್ಯಕ್ರಮ' ಅಂತ ಇದೆಯೋ ನೋಡಿ. ಎರಡನೆಯದಾದರೆ ಊರ ಜಾತ್ರೆಗೂ ಅವರ ಪರ್ಮಿಷನ್ ಬೇಕು. ಯೂಟ್ಯೂಬ್ ಹಾಡು ಸೇರ್ತದಾ? ತಿಂಗಳು ಎಷ್ಟು? ಮೊದಲ ಸುತ್ತಿನಲ್ಲೇ ಔಟ್ ಆದವರಿಗೂ ಇದು ಅನ್ವಯಿಸ್ತದಾ? ಬಾಯಿಮಾತು ಬೇಡ, ಬರೆಸಿಕೊಳ್ರಿ, ಒಂದು ಪ್ರತಿ ಕೈಗೆ ತಗೊಳ್ರಿ.

18 ತುಂಬದ ಮಕ್ಕಳು ಮಾಡುವ ಕರಾರಿಗೆ ಕಾನೂನಿನ ಬೆಲೆ ಇಲ್ಲ. ಅದಕ್ಕೇ ಅಪ್ಪ-ಅವ್ವನ ಸಹಿ ಕೇಳ್ತಾರ. ಅಗ್ರಿಮೆಂಟ್ ಇಂಗ್ಲಿಷ್‌ನಲ್ಲಿದ್ದು ತಿಳಿಯದಿದ್ದರೆ ನಿಮ್ಮ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಅಲ್ಲಿ ಸಲಹೆ ಪುಕ್ಕಟೆ.