ಫಲಕದ ತಪ್ಪಿಗೆ ಮರಕ್ಕೆ ಕೊಡಲಿ

ಒಂದೇ ತಿರುವಿನಲ್ಲಿ ಮೇಲಿಂದ ಮೇಲೆ ಅಪಘಾತಗಳು ಸಂಭವಿಸಿದಾಗ ಮೊದಲು ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ರಸ್ತೆಬದಿಯ ಮರ, ಎರಡನೆಯದು ಗುಡ್ಡ. ಹುಣಸೆ, ಬೇವು, ಆಲಗಳ ಕಾಂಡಕ್ಕೆ ಅಂಕಿ ಬೀಳುತ್ತದೆ. ಗುಡ್ಡದ ಮಗ್ಗುಲಿಗೆ ಯಂತ್ರ ಬಂದು ನಿಲ್ಲುತ್ತದೆ. ತಿರುವು ಬರುತ್ತಿದೆಯೆಂದು ಸವಾರನಿಗೆ ಮುಂಚಿತವಾಗಿ ತಿಳಿಸಬೇಕಾಗಿದ್ದ ಫಲಕ ಅಲ್ಲಿತ್ತೇ, ಇದ್ದರೆ ಅದು ರಾತ್ರಿಯಲ್ಲಿ ಕಾಣುತ್ತಿತ್ತೇ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ಕೆಟ್ಟ ಫಲಕವೆಂಬುದು ಸಣ್ಣ ಲೋಪವಲ್ಲ. ಅದರ ಬೆಲೆಯನ್ನು ಕೊನೆಗೆ ಪಾದಚಾರಿ, ಕಾಡುಪ್ರಾಣಿ ಮತ್ತು ಮರ ತೆರಬೇಕಾಗುತ್ತದೆ.

ನಿಯಮಗಳಿಗೆ ಕೊರತೆಯಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಪಿಸಿರುವ ‘ಐಆರ್‌ಸಿ 67’ ಸಂಹಿತೆಯು ಫಲಕಗಳ ಆಕಾರ, ಬಣ್ಣ, ಅಕ್ಷರದ ಅಳತೆಗಳನ್ನು ವಿವರವಾಗಿ ಹೇಳುತ್ತದೆ. ಆಜ್ಞೆಗೆ ವೃತ್ತ, ಎಚ್ಚರಿಕೆಗೆ ಕೆಂಪಂಚಿನ ತ್ರಿಕೋನ, ಮಾಹಿತಿಗೆ ಆಯತ. ಓದುಬರಹ ಬಾರದವನಿಗೂ ಅರ್ಥವಾಗಲೆಂದೇ ಆಕಾರಕ್ಕೆ ಈ ಮಹತ್ವ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾನೂನು ತಪ್ಪನ್ನು ಗುರುತಿಸಿದೆ; ಅದನ್ನು ಎತ್ತಿ ತೋರಿಸುವವರಿಲ್ಲ.

2024ರ ಜುಲೈನಲ್ಲಿ ಕೊಡಗಿನ ರಸ್ತೆಬದಿಯ ಫಲಕವೊಂದರ ಚಿತ್ರ ದೇಶದ ತುಂಬ ಹರಿದಾಡಿತು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಮಾತು ಇಂಗ್ಲಿಷಿನಲ್ಲಿ ‘ಅರ್ಜೆಂಟ್ ಮೇಕ್ ಆ್ಯನ್ ಆಕ್ಸಿಡೆಂಟ್’ ಎಂದಾಗಿತ್ತು. ಜನರು ನಕ್ಕರು; ನಗುವುದು ಸಹಜವೇ. ಆದರೆ ಆ ಫಲಕದ ಕನ್ನಡ ಸಾಲು ತಾನೇ ಸವಾರನಿಗೆ ಏನನ್ನು ತಿಳಿಸುತ್ತದೆ? ಮುಂದೆ ತಿರುವಿದೆಯೇ, ಇಳಿಜಾರಿದೆಯೇ, ಶಾಲೆಯಿದೆಯೇ, ವೇಗ ಎಷ್ಟಿರಬೇಕು? ಯಾವುದನ್ನೂ ಹೇಳುವುದಿಲ್ಲ. ಸುಭಾಷಿತವು ಗೋಡೆಬರಹಕ್ಕೆ ತಕ್ಕದ್ದು. ದಾರಿಯ ಫಲಕವು ಒಂದು ನಿರ್ದಿಷ್ಟ ಸ್ಥಳದ ಒಂದು ನಿರ್ದಿಷ್ಟ ಅಪಾಯವನ್ನು ಹೇಳಬೇಕು. ಅನುವಾದದ ತಪ್ಪಿಗಿಂತ ಈ ತಪ್ಪು ದೊಡ್ಡದು.

ಇನ್ನು ಅಳತೆಯ ವಿಚಾರ. ಗಂಟೆಗೆ 80 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಚಾಲಕನು ಅಪಾಯವನ್ನು ಕಂಡು, ಗ್ರಹಿಸಿ, ವಾಹನವನ್ನು ನಿಲ್ಲಿಸಲು ಸುಮಾರು 120 ಮೀಟರ್ ಬೇಕೆಂಬುದು ನಮ್ಮ ರಸ್ತೆ ತಂತ್ರಜ್ಞರು ಬಳಸುವ ಲೆಕ್ಕ. ಒಂದು ಸೆಂ.ಮೀ. ಎತ್ತರದ ಅಕ್ಷರವನ್ನು ಸುಮಾರು 6 ಮೀಟರ್ ದೂರದಿಂದ ಓದಬಹುದೆಂಬ ಹಳೆಯ ಲೆಕ್ಕವೊಂದಿದೆ. ಅದು ರೋಮನ್ ಲಿಪಿಗೆ ಸಂಬಂಧಿಸಿದ್ದು. ಕನ್ನಡದ ರಚನೆ ಬೇರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಎಂಬ ಹೆಸರುಗಳನ್ನೇ ನೋಡಿ: ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಚಿಹ್ನೆ ಮೇಲಕ್ಕೂ ಪಕ್ಕಕ್ಕೂ ಚಾಚುತ್ತದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಕೊಟ್ಟಷ್ಟೇ ಎತ್ತರದ ಪಟ್ಟಿಯಲ್ಲಿ ಇವನ್ನು ಕೂರಿಸಿದರೆ ಮೂಲಾಕ್ಷರ ಅರ್ಧಕ್ಕೆ ಕುಗ್ಗುತ್ತದೆ. ಹೆಸರು ಉದ್ದವಾಗಿದ್ದರೆ ಅಡ್ಡಕ್ಕೂ ಹಿಸುಕಲಾಗುತ್ತದೆ. ಕನ್ನಡ ಲಿಪಿಯನ್ನು ಸರಿಯಾಗಿ ಜೋಡಿಸಲಾರದ ತಂತ್ರಾಂಶದಲ್ಲಿ ಮುದ್ರಿಸಿದರೆ ಒತ್ತು ಕಳಚಿ ಪಕ್ಕದಲ್ಲಿ ಕುಳಿತು, ಕೊಟ್ಟೂರು ‘ಕೊಟ್‌ಟೂರು’ ಆಗುತ್ತದೆ. ಫಲಕದಲ್ಲಿ ಕನ್ನಡ ಇರಬೇಕೆಂದು ಒತ್ತಾಯಿಸುವವರು ಅದು ಓದಲು ಬರುವಂತಿರಬೇಕೆಂದೂ ಒತ್ತಾಯಿಸುವುದು ಅಗತ್ಯ.

ತಯಾರಿಕೆಯ ಲೋಪ ಇದಕ್ಕಿಂತಲೂ ಗುಟ್ಟಾದದ್ದು, ಏಕೆಂದರೆ ಹಗಲಿನಲ್ಲಿ ಅದು ಕಾಣದು. ಒಳ್ಳೆಯ ಫಲಕದ ಹಾಳೆಯಲ್ಲಿ ಸೂಕ್ಷ್ಮ ಗಾಜಿನ ಮಣಿಗಳೋ ಪಟ್ಟಕಗಳೋ ಹುದುಗಿರುತ್ತವೆ. ಅವು ವಾಹನದ ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಉತ್ತಮ ದರ್ಜೆಯ ಹಾಳೆಗೆ ಹತ್ತು ವರ್ಷಗಳವರೆಗೂ ಖಾತರಿ ದೊರೆಯುತ್ತದೆ. ಕೀಳು ದರ್ಜೆಯ ಹಾಳೆ ಬಿಸಿಲಿಗೆ ಬಿರಿಯುತ್ತದೆ, ಮಸುಕಾಗುತ್ತದೆ. ಬರಿಯ ಬಣ್ಣ ಬಳಿದ ತಗಡಂತೂ ಕತ್ತಲಾದೊಡನೆ ಇಲ್ಲವಾಗುತ್ತದೆ. ಬಯಲುಸೀಮೆಯ ಬೇಸಿಗೆ, ಅದಿರು ಲಾರಿಗಳ ಕೆಂಧೂಳು ಸೇರಿದರೆ ಒಳ್ಳೆಯ ಫಲಕವನ್ನೂ ಆಗಾಗ ತೊಳೆಯಬೇಕು. ನೆಡುವುದಕ್ಕೆ ಹಣವಿದ್ದು ತೊಳೆಯುವುದಕ್ಕೆ ಹಣವಿಲ್ಲದಿದ್ದರೆ ಅದು ಅಭಿವೃದ್ಧಿಯಲ್ಲ.

ಇದಕ್ಕೆ ಹೆಸರು, ಸಂಖ್ಯೆಗಳ ಗೊಂದಲವೂ ಕೂಡಿಕೊಳ್ಳುತ್ತದೆ. ಕೂಡ್ಲಿಗಿಯ ಮೂಲಕ ಚಿತ್ರದುರ್ಗ–ಹೊಸಪೇಟೆಗಳನ್ನು ಜೋಡಿಸುವ ಹೆದ್ದಾರಿ ಹಿಂದೆ 13 ಆಗಿತ್ತು. 2010ರ ಮರುಸಂಖ್ಯೆಯಲ್ಲಿ 50 ಆಯಿತು. 2014ರ ನವೆಂಬರ್ 1ರಂದು ಇಂಗ್ಲಿಷಿನ ಬೆಳ್ಳಾರಿ, ಹಾಸ್ಪೆಟ್‌ಗಳು ಬಳ್ಳಾರಿ, ಹೊಸಪೇಟೆಗಳಾದವು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ಕೂಡ್ಲಿಗಿ, ಹಡಗಲಿಗಳೊಡನೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇಂಥ ಪ್ರತಿ ಬದಲಾವಣೆಯ ನಂತರವೂ ಫಲಕಗಳನ್ನು ಒಟ್ಟಾಗಿ ತಿದ್ದದಿದ್ದರೆ ಒಂದೇ ದಾರಿಗೆ ಎರಡು ಸಂಖ್ಯೆ, ಒಂದೇ ಊರಿಗೆ ಮೂರು ಕಾಗುಣಿತ ಉಳಿದುಬಿಡುತ್ತವೆ. ಊರಿನವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಫಲಕವಿರುವುದು ಊರಿನವರಿಗಲ್ಲ. ರಾತ್ರಿ ಬರುವ ಅಪರಿಚಿತ ಲಾರಿ ಚಾಲಕನಿಗೆ, ರೋಗಿಯನ್ನು ಹೊತ್ತ ಹೊರಗಿನ ವಾಹನಕ್ಕೆ.

ಆ ಅಪರಿಚಿತ ಚಾಲಕನ ಎದುರಿಗೆ ಯಾರಿರುತ್ತಾರೆ? ಕೊಟ್ಟೂರೇಶ್ವರನ ತೇರಿಗೆ ಇರುಳಿಡೀ ನಡೆಯುವ ಪಾದಯಾತ್ರಿಗಳು, ಮೈಲಾರದ ಕಾರಣಿಕಕ್ಕೆ ಹೊರಟ ಎತ್ತಿನ ಬಂಡಿಗಳು, ಶೇಂಗಾ ಹೊಲದಿಂದ ಮರಳುವ ಕೂಲಿಯವರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಇವರೊಡನೆ ಮಾತಿಲ್ಲದ ಜೀವಿಗಳೂ ಇವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳು 2013ರಲ್ಲಿ ಕರಡಿಧಾಮವಾದವು. ಕರಡಿ ಸಂಜೆಯಿಂದ ಮುಂಜಾವದವರೆಗೆ ಗೆದ್ದಲು, ಹಣ್ಣು ಅರಸಿ ತಿರುಗುವ ಪ್ರಾಣಿ. ಅದರ ಕಪ್ಪು ಮೈ ಡಾಂಬರಿನ ಮೇಲೆ ದೀಪದ ಬೆಳಕಿಗೂ ಕಾಣದು. ಅಂಥಲ್ಲಿ ಬೇಕಾದುದು ಅಧಿಕಾರಿಗಳ ಪದನಾಮ, ಲಾಂಛನ, ಹತ್ತು ಸಾಲಿನ ಘೋಷಣೆಗಳಿರುವ ಹಲಗೆಯಲ್ಲ. ಕರಡಿಯ ಒಂದು ಚಿತ್ರ, ವೇಗದ ಒಂದು ಅಂಕಿ, ಕತ್ತಲಲ್ಲಿ ಹೊಳೆಯುವ ಹಾಳೆ.

ಕಂಬದ ಖರ್ಚು ಉಳಿಸಲು ಫಲಕವನ್ನು ಮರಕ್ಕೇ ಹೊಡೆಯುವ ರೂಢಿಯೂ ಇದೆ. ಮೊಳೆಯು ತೊಗಟೆಯ ಕೆಳಗಿನ ಬೆಳವಣಿಗೆಯ ಪದರವನ್ನು ಸೀಳುತ್ತದೆ. ಆ ಗಾಯದಿಂದ ಶಿಲೀಂಧ್ರ ಒಳಹೊಕ್ಕು ಕಾಂಡ ಕೊಳೆಯುತ್ತದೆ. ಮುಂದೊಂದು ಮಳೆಗಾಲದಲ್ಲಿ ಕೊಂಬೆ ಮುರಿದು ಬಿದ್ದರೆ ‘ಅಪಾಯಕಾರಿ ಮರ’ ಎಂಬ ಹೆಸರು ಮರಕ್ಕೇ ಬರುತ್ತದೆ.

ಇದನ್ನು ಸರಿಪಡಿಸುವುದು ಅಸಾಧ್ಯವೇನಲ್ಲ. ಬ್ರಿಟನ್ನಿನಲ್ಲಿಯೂ ಒಂದು ಕಾಲಕ್ಕೆ ಇಂಥದೇ ಗೊಂದಲವಿತ್ತು. ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರು ವಿನ್ಯಾಸಕರು ಓಡುವ ವಾಹನದಿಂದ ಓದುವವನ ಕಣ್ಣಿನಿಂದಲೇ ಯೋಚಿಸಿ ಹೊಸ ಅಕ್ಷರ, ಹೊಸ ಚಿತ್ರಗಳನ್ನು ರೂಪಿಸಿದರು. 1965ರಿಂದ ಅವು ಜಾರಿಗೆ ಬಂದವು. ದನಗಳ ಎಚ್ಚರಿಕೆಯ ಚಿತ್ರಕ್ಕೆ ಮಾದರಿಯಾದದ್ದು ಕ್ಯಾಲ್ವರ್ಟ್ ಅವರ ಬಂಧುಗಳ ಹೊಲದಲ್ಲಿದ್ದ ಒಂದು ಹಸು. ಕನ್ನಡ ಲಿಪಿಗೂ ಅಂಥ ಶ್ರದ್ಧೆ ಸಲ್ಲಬೇಕು. ನಮ್ಮ ಎಂಜಿನಿಯರಿಂಗ್ ಮತ್ತು ಚಿತ್ರಕಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಧ್ಯಯನ ವಿಷಯ ದೊರೆಯುವುದು ಕಷ್ಟ.

ಹಳ್ಳಿಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಶಾಲಾ ಮಕ್ಕಳ ತಂಡವೊಂದು ತಮ್ಮ ಊರಿನ ಎರಡು ಬದಿಯ ಫಲಕಗಳನ್ನು ಹಗಲಲ್ಲಿ ಎಣಿಸಿ ಬರೆದಿಟ್ಟುಕೊಳ್ಳಲಿ. ರಾತ್ರಿ ಹಿರಿಯರೊಡನೆ ಟಾರ್ಚ್ ಹಿಡಿದು, ಎಷ್ಟು ಹೆಜ್ಜೆ ದೂರದಿಂದ ಕಾಣುತ್ತವೆಂದು ನೋಡಲಿ. ಆ ಪಟ್ಟಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಯಾವ ದರ್ಜೆಯ ಹಾಳೆಗೆ ಹಣ ಪಾವತಿಯಾಗಿದೆ, ಖಾತರಿ ಎಂದು ಮುಗಿಯುತ್ತದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಮುಂದೆ ರಸ್ತೆ ಅಗಲೀಕರಣದ ಹೆಸರಿನಲ್ಲಿ ಮರಗಳಿಗೆ ಅಂಕಿ ಹಾಕಲು ಬಂದವರ ಮುಂದೆ ಆ ಪಟ್ಟಿಯನ್ನೇ ಇಡಬೇಕು. ಮೊದಲು ಫಲಕ ನೆಟ್ಟಗಾಗಲಿ, ವೇಗ ಇಳಿಯಲಿ; ಆಮೇಲೂ ಅಪಘಾತ ನಿಲ್ಲದಿದ್ದರೆ ಮರದ ವಿಚಾರಣೆ ನಡೆಯಲಿ.